ಅರವಟಿಗೆ, ಗದ್ದುಗೆ, ತೊಟ್ಟಿಲು: ವಿಜಯಪುರ ಸೀಮೆಯಲ್ಲಿ ವಸಂತಕಾಲದ ಹಿರಿಯರ ಸ್ಮರಣೆ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ ಯಾವುದೆಂದು ಕೇಳಿದರೆ ಬಹುತೇಕರು ಭಾದ್ರಪದದ ಕೊನೆಯ ಅಮಾವಾಸ್ಯೆಯನ್ನು ಹೆಸರಿಸುತ್ತಾರೆ. ಪಂಚಾಂಗದಲ್ಲಿ ಅದು ಮಹಾಲಯ, ಊರಿನ ಮಾತಿನಲ್ಲಿ ಮಾನವಮಿ ಅಮಾಸಿ. ವಿದ್ವಾಂಸರ ಬರವಣಿಗೆಯೂ ಹೆಚ್ಚಾಗಿ ಅದರ ಸುತ್ತಲೇ ನಡೆದಿದೆ. ಹೋಳಿಹುಣ್ಣಿಮೆಯಿಂದ ಅಕ್ಷಯ ತದಿಗೆಯವರೆಗಿನ ಬಿಸಿಲಿನ ದಿನಗಳಲ್ಲಿ ತೀರಿಹೋದವರನ್ನು ನೆನೆಯುವ ರೀತಿ ಇದರಿಂದ ಹಿಂದೆ ಬಿದ್ದಿದೆ. ಈ ಲೇಖನದ ವಸ್ತು ಅದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಇಲ್ಲಿ ಹೇಳುವಾಗ ಆ ತಾಲ್ಲೂಕುಗಳ ಹಳೆಯ ವಿಸ್ತಾರವನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಚೆಗೆ ಬೇರೆಯಾದವು. ಆಚರಣೆಗಳು ಹಾಗೆ ಬೇರೆಯಾಗಿಲ್ಲ. ಈ ಸೀಮೆಯಲ್ಲಿ ವಸಂತಕಾಲದ ಪಿತೃಸ್ಮರಣೆ ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಮೂಲಕ ನಡೆದುಬಂದಿದೆ ಎಂಬುದು ನನ್ನ ವಾದ.

ವಸಂತದಲ್ಲಿ ಹಿರಿಯರನ್ನು ಪೂಜಿಸುವ ಪದ್ಧತಿಗೆ ಜಗತ್ತಿನಲ್ಲಿ ಹೆಸರಾದ ನಿದರ್ಶನ ಚೀನಾದ ಛಿಂಗ್‌ಮಿಂಗ್. ಸೂರ್ಯಮಾನದ ಇಪ್ಪತ್ನಾಲ್ಕು ಘಟ್ಟಗಳಲ್ಲಿ ಅದೂ ಒಂದು. ವಿಷುವದ ಹದಿನೈದು ದಿನಗಳ ನಂತರ, ಏಪ್ರಿಲ್ 4 ಅಥವಾ 5ರ ಹೊತ್ತಿಗೆ ಬರುತ್ತದೆ. ಅಂದು ಮನೆಯವರೆಲ್ಲ ಸಮಾಧಿಗೆ ಹೋಗಿ ಕಳೆ ಕಿತ್ತು, ಗುಡ್ಡೆಗೆ ಹೊಸ ಮಣ್ಣು ಹಾಕಿ, ಅನ್ನ ಮದ್ಯ ಇಟ್ಟು, ಕಾಗದದ ಹಣ ಸುಟ್ಟು ಬಾಗುತ್ತಾರೆ. ಇದರ ಹಿಂದೆ ಒಲೆ ಹಚ್ಚದೆ ತಣ್ಣನೆಯ ಊಟ ಮಾಡುವ ಇನ್ನೂ ಹಳೆಯ ಹಬ್ಬವೊಂದಿತ್ತು. ಆ ಹಬ್ಬದಲ್ಲಿ ಸಮಾಧಿಗೆ ಹೋಗುವ ಜನಪದ ರೂಢಿಗೆ ತಾಂಗ್ ವಂಶದ ಚಕ್ರವರ್ತಿ ಶ್ವಾನ್‌ಜುಂಗ್ 732ರಲ್ಲಿ ರಾಜಾಜ್ಞೆಯ ಮುದ್ರೆ ಒತ್ತಿದ. ಮುಂದೆ ಎರಡೂ ಬೆರೆತು ಒಂದಾದವು. 2008ರಿಂದ ಅದು ಅಲ್ಲಿ ಸರ್ಕಾರಿ ರಜೆ. ಅಲ್ಲಿಯ ಆಚರಣೆಗೆ ಸಮಾಧಿಯೇ ಕೇಂದ್ರ. ಮನೆತನ ಸಮಾಧಿಗೆ ಹೋಗಿ ಅದನ್ನು ಶುಚಿ ಮಾಡುತ್ತದೆ.

ನಮ್ಮ ಸೀಮೆಯ ವಸಂತ ಬೇರೆ ಬಗೆಯದು. ಚೀನಾದಲ್ಲಿ ಛಿಂಗ್‌ಮಿಂಗ್ ಹೊತ್ತಿಗೆ ಸೋನೆಮಳೆ, ಬಿತ್ತನೆಯ ತಯಾರಿ. ಇಂಡಿ ಸಿಂದಗಿಯ ಎರೆಭೂಮಿಯಲ್ಲಿ ಆ ಹೊತ್ತಿಗೆ ಹಿಂಗಾರಿ ಬಿಳಿಜೋಳ ಕೊಯ್ದು, ರಾಶಿ ಮುಗಿದು, ಕಣಿಕೆ ಬಣವೆಯಾಗಿರುತ್ತದೆ. ಹೊಲ ಬಿರುಕುಬಿಟ್ಟಿರುತ್ತದೆ. ವರ್ಷವಿಡೀ ಸೇರಿ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಾಡಿದು. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಮನೆಯಲ್ಲಿ ಕಾಳಿದೆ, ಕೈಗೆ ಬಿಡುವಿದೆ, ಕೊರತೆ ನೀರಿನದೊಂದೇ. ಯುಗಾದಿಗೆ ಹೊಲದ ಲಾವಣಿ, ಆಳಿನ ಕರಾರು ಹೊಸದಾಗುತ್ತವೆ. ಇಂಥ ಹೊತ್ತಿನಲ್ಲಿ ಸತ್ತವರ ಹೆಸರಿನಲ್ಲಿ ಕೊಡಬಹುದಾದ ಅತಿ ದೊಡ್ಡ ವಸ್ತು ಯಾವುದು? ಧರ್ಮಶಾಸ್ತ್ರ ಬರೆದವರಿಗೂ ಊರಿನ ರೈತನಿಗೂ ಒಂದೇ ಉತ್ತರ ಹೊಳೆಯಿತು.

ಶಾಸ್ತ್ರದ ಕಡೆಯ ಆಧಾರ ಗಟ್ಟಿಯಾಗಿದೆ. ವೈಶಾಖ ಶುದ್ಧ ತದಿಗೆಯನ್ನು ಪುರಾಣಗಳು ಯುಗ ಆರಂಭವಾದ ತಿಥಿಗಳಲ್ಲೊಂದೆಂದು ಎಣಿಸಿ, ಅಂದು ಪಿತೃಗಳಿಗೆ ಎಳ್ಳುನೀರು ಬಿಟ್ಟರೆ ಅಕ್ಷಯ ಫಲವೆನ್ನುತ್ತವೆ. ಇಂದು ಬಂಗಾರದ ಅಂಗಡಿಗಳ ಜಾಹೀರಾತಿನಲ್ಲಿ ಸಿಕ್ಕಿಕೊಂಡಿರುವ ಅಕ್ಷಯ ತದಿಗೆ ಮೂಲದಲ್ಲಿ ಹೀಗೆ ಪಿತೃಗಳ ದಿನವೂ ಹೌದು. ಅಂದು ತುಂಬಿದ ಕೊಡವನ್ನು ಪಿತೃಗಳ ಹೆಸರಿನಲ್ಲಿ ದಾನ ಕೊಡುವ ಉದಕುಂಭದ ವಿಧಿಯನ್ನು, 1790ರ ಸುಮಾರಿಗೆ ಪಂಢರಪುರದ ಕಾಶೀನಾಥ ಉಪಾಧ್ಯಾಯರು ರಚಿಸಿದ ‘ಧರ್ಮಸಿಂಧು’ ವಿವರಿಸುತ್ತದೆ. ಪಂಢರಪುರ ಇಂಡಿಗೆ ದೂರದ ಊರಲ್ಲ; ಅದೇ ಭೀಮೆ ಅಲ್ಲಿ ಹರಿದು ಇಂಡಿ ಸಿಂದಗಿಗಳ ಅಂಚಿಗೆ ಬರುತ್ತದೆ. ಈ ಭಾಗದ ಜೋಯಿಸರು ತಿಥಿ ನಿರ್ಣಯಕ್ಕೆ ಬಿಚ್ಚುವ ಪುಸ್ತಕವೂ ಅದೇ.

ಅದಕ್ಕಿಂತ ಐದುನೂರು ವರ್ಷ ಹಿಂದಿನ ಸಾಕ್ಷಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ದೇವಗಿರಿಯ ಸೇವುಣ ಅರಸರಾದ ಮಹಾದೇವ, ರಾಮಚಂದ್ರರ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದ ಹೇಮಾದ್ರಿ 13ನೆಯ ಶತಮಾನದ ಉತ್ತರಾರ್ಧದಲ್ಲಿ ‘ಚತುರ್ವರ್ಗ ಚಿಂತಾಮಣಿ’ಯನ್ನು ರಚಿಸಿದ. ಅದರ ದಾನಖಂಡ ಪ್ರಪಾದಾನವನ್ನು, ಎಂದರೆ ಅರವಟಿಗೆ ಇಡುವುದನ್ನು ಹೇಳುತ್ತದೆ. ಬೇಸಿಗೆ ಆರಂಭವಾದ ಮೇಲೆ ಊರ ನಡುವೆಯೋ ದಾರಿಯಲ್ಲೋ ಮರದಡಿಯೋ ಚಪ್ಪರ ಹಾಕಿ, ತಣ್ಣೀರಿನ ಗಡಿಗೆಗಳನ್ನಿಟ್ಟು, ನೀರು ಕೊಡಲು ಒಬ್ಬನನ್ನು ನೇಮಿಸಬೇಕು. ಆಗ ಹೇಳುವ ಸಂಕಲ್ಪದಲ್ಲಿ ಎರಡು ಮಾತುಗಳಿವೆ. ಈ ಅರವಟಿಗೆಯನ್ನು ಸಕಲ ಜೀವಿಗಳಿಗೂ ಸಾಮಾನ್ಯವಾಗಿ ಒಪ್ಪಿಸಿದ್ದೇನೆ ಎಂಬುದು ಮೊದಲನೆಯದು. ಇದರಿಂದ ತಂದೆ ತಾತಂದಿರು ತೃಪ್ತರಾಗಲಿ ಎಂಬುದು ಎರಡನೆಯದು. ಅರವಟಿಗೆ ಇಡುವಷ್ಟು ಅನುಕೂಲವಿಲ್ಲದವರು ಬಾಯಿಗೆ ಬಟ್ಟೆ ಸುತ್ತಿದ ತಂಪುನೀರಿನ ಕೊಡವನ್ನು ದಿನಾ ಒಬ್ಬರ ಮನೆಗೆ ಮುಟ್ಟಿಸಬೇಕು. ಅದಕ್ಕೆ ಧರ್ಮಘಟ ಎಂದು ಹೆಸರು.

ಈ ಸಂಕಲ್ಪದ ತೂಕವನ್ನು ನಾವು ಸರಿಯಾಗಿ ಅಳೆದಿಲ್ಲ. ಶ್ರಾದ್ಧದ ಪಿಂಡ ಮೂರು ತಲೆಮಾರಿನ ರಕ್ತಸಂಬಂಧದೊಳಗೆ ಸುತ್ತುತ್ತದೆ. ಊಟಕ್ಕೆ ಕೂಡುವವರು ಆಯ್ದ ಬ್ರಾಹ್ಮಣರು. ಅರವಟಿಗೆಯಲ್ಲಿ ನನ್ನ ತಾತನ ತೃಪ್ತಿ ನನಗೆ ಗುರುತೇ ಇಲ್ಲದ ದಾರಿಹೋಕನ ಗಂಟಲಿನ ಮೂಲಕ ಆಗುತ್ತದೆ. ಪಿತೃಕಾರ್ಯ ಮನೆಯ ಹೊಸ್ತಿಲು ದಾಟಿ ರಸ್ತೆಗೆ ಬಂದ ಘಟ್ಟವಿದು. ಸೇವುಣರ ಆ ರಾಜ್ಯದೊಳಗೇ ನಮ್ಮ ಈ ನಾಲ್ಕು ತಾಲ್ಲೂಕುಗಳೂ ಇದ್ದವು ಎಂಬುದನ್ನು ಮರೆಯಬಾರದು.

ಶಾಸನಗಳ ಕಡೆಗೆ ತಿರುಗಿದರೆ ಇದೇ ಮನೋಧರ್ಮ ಇನ್ನೂ ಹಿಂದಕ್ಕೆ ಹೋಗುತ್ತದೆ. ಈ ಭಾಗ ಅಂದು ತರ್ದವಾಡಿ ಸಾಸಿರ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವಿದೆ. ಅವನ ಮಂತ್ರಿ ನಾರಾಯಣ ಅಲ್ಲಿ ತ್ರೈಪುರುಷ ದೇವರ ಸನ್ನಿಧಿಯಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಊರವರು ಮದುವೆ, ಉಪನಯನ, ಚೌಲದ ಹೊತ್ತಿಗೆ ಶಾಲೆಗೆ ಇಂತಿಷ್ಟು ಹಣ ಕೊಡಬೇಕೆಂದು ಅದರಲ್ಲಿ ಕಟ್ಟುಪಾಡಿದೆ. ಮನೆಯ ಕಾರ್ಯವೊಂದು ನಡೆದಾಗ ಊರಿನ ಸಂಸ್ಥೆಯೊಂದಕ್ಕೆ ಅದರ ಪಾಲು ಸಲ್ಲಬೇಕೆಂಬ ನಿಯಮ ಹತ್ತನೆಯ ಶತಮಾನದಷ್ಟು ಹಿಂದೆಯೇ ಇಲ್ಲಿ ಕಲ್ಲಿನ ಮೇಲೆ ಬರೆದಾಗಿತ್ತು. ಕನ್ನಡ ಶಾಸನಗಳು ಕೆರೆ, ಬಾವಿ, ಸತ್ರಗಳ ಜೊತೆಗೆ ಅರವಂಟಿಗೆಯನ್ನೂ ಪುಣ್ಯಕಾರ್ಯಗಳಲ್ಲಿ ಹೇಳುತ್ತವೆ. ಸಪ್ತಸಂತಾನದ ಕಲ್ಪನೆಯಂತೂ ಮಗನ ಜೊತೆಗೇ ಕೆರೆಯನ್ನೂ ಸಂತಾನವೆಂದು ಕರೆಯಿತು. ಹೆತ್ತ ಮಗ ಇಲ್ಲದವನಿಗೂ ತೋಡಿಸಿದ ಕೆರೆ ನೀರು ಬಿಡುತ್ತದೆ ಎಂಬ ನಂಬಿಕೆ ಅದು. ಸತ್ತವರ ಗೌರವಕ್ಕಾಗಿ ಕಲ್ಲು ನಿಲ್ಲಿಸುವ, ಗುಡಿ ಕಟ್ಟಿಸುವ ಕಾರ್ಯಕ್ಕೆ ಶಾಸನಗಳಲ್ಲಿ ಪರೋಕ್ಷವಿನಯ ಎಂಬ ಮಾತು ಬಳಕೆಯಲ್ಲಿತ್ತು. ಈ ಸ್ಮಾರಕಗಳನ್ನು ವರ್ಗೀಕರಿಸಿ ‘ಸಮಾಧಿ-ಬಲಿದಾನ-ವೀರಮರಣ ಸ್ಮಾರಕಗಳು’ ಎಂಬ ಪುಸ್ತಕ ಬರೆದ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರೇ. ಅವರು ಹಾಕಿಕೊಟ್ಟ ದಾರಿಯಲ್ಲಿ ಕಲ್ಲಿನ ಸ್ಮಾರಕಗಳ ಅಧ್ಯಯನ ಸಾಕಷ್ಟು ಮುಂದುವರಿಯಿತು. ಬೇಸಿಗೆ ಮುಗಿದೊಡನೆ ಬಿಚ್ಚಿಹಾಕುವ ಚಪ್ಪರವೂ ಒಂದು ಸ್ಮಾರಕವೆಂದು ಮಾತ್ರ ಯಾರೂ ಎಣಿಸಲಿಲ್ಲ.

ಆ ಚಪ್ಪರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣ, ಸಂತೆಪೇಟೆ, ಕ್ರಾಸ್‌ಗಳಲ್ಲಿ ಯುಗಾದಿ ಮುಂದೆ ಹಿಂದೆ ಅರವಟಿಗೆಗಳು ಏಳುತ್ತವೆ. ನಾಲ್ಕು ಗಳ, ಮೇಲೆ ಕಣಿಕೆ ಇಲ್ಲವೇ ತೆಂಗಿನ ಗರಿಯ ಹೊದಿಕೆ. ಕೆಳಗೆ ಹಸಿ ಉಸುಕಿನ ಹಾಸು; ಉಸುಕಿನಲ್ಲಿ ಅರ್ಧ ಹೂತು ಕೂತ ಹರವಿಗಳು. ಹರವಿಯ ಹೊಟ್ಟೆಗೆ ಒದ್ದೆ ಗೋಣಿತಟ್ಟು ಸುತ್ತಿರುತ್ತದೆ. ಬಿಸಿಗಾಳಿ ಅದರ ಹಸಿಯನ್ನು ಹೀರಿದಷ್ಟೂ ಒಳಗಿನ ನೀರು ತಣ್ಣಗಾಗುತ್ತದೆ. ಬಾಯಿಗೆ ಬಿಳಿಬಟ್ಟೆ, ಅದರ ಮೇಲೆ ಮುಚ್ಚಳ. ನೀರು ತೋಡಲು ಉದ್ದ ಹಿಡಿಕೆಯ ಮಗ್ಗು, ಕುಡಿಯಲು ಸರಪಳಿ ಕಟ್ಟಿದ ಲೋಟ. ಮುಂದುಗಡೆ ಒಂದು ಫಲಕ: ಇಂಥವರ ಸ್ಮರಣಾರ್ಥ, ಇಂಥ ಮನೆತನದವರಿಂದ. ಕೆಲವು ಕಡೆ ತೀರಿಹೋದವರ ಭಾವಚಿತ್ರವೂ, ಅದಕ್ಕೊಂದು ಹೂಮಾಲೆಯೂ ಇರುತ್ತದೆ. ಹೇಮಾದ್ರಿಯ ಗ್ರಂಥವನ್ನು ಓದಿರದ ಈ ಮನೆಯವರು ಅದರ ಸಂಕಲ್ಪದ ಎರಡೂ ಮಾತುಗಳನ್ನು ಆ ಫಲಕದಲ್ಲಿ ನಡೆಸುತ್ತಿದ್ದಾರೆ: ನೀರು ಎಲ್ಲರಿಗೆ, ಹೆಸರು ಹಿರಿಯರಿಗೆ. ಈಗ ಹರವಿಯ ಜಾಗಕ್ಕೆ ಇಪ್ಪತ್ತು ಲೀಟರಿನ ಕ್ಯಾನ್, ಕೆಲವೆಡೆ ಉಕ್ಕಿನ ಕೂಲರ್ ಬಂದಿವೆ. ಫಲಕ ಹೋಗಿಲ್ಲ.

ನೀರು ಎಲ್ಲರಿಗೆ ಎಂದೆ. ಇತಿಹಾಸ ಬರೆಯುವವನು ಇಲ್ಲಿ ನಿಲ್ಲಲೇಬೇಕು. ಸಕಲ ಜೀವಿಗಳಿಗೂ ಸಾಮಾನ್ಯ ಎಂದು ಸಂಕಲ್ಪ ಹೇಳಿದರೂ, ಶತಮಾನಗಳ ಕಾಲ ಅಸ್ಪೃಶ್ಯರೆನಿಸಿಕೊಂಡವರು ಆ ಚಪ್ಪರದ ಒಳಗೆ ಬರುವಂತಿರಲಿಲ್ಲ. ಹೊರಗೆ ನಿಂತು ಬೊಗಸೆ ಒಡ್ಡಬೇಕಿತ್ತು. ಮೇಲಿನಿಂದ ಹೊಯ್ಯುವವನ ಮನಸ್ಸು ಬಂದರೆ ನೀರು. ಈ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1923ರ ಆಗಸ್ಟ್‌ನಲ್ಲಿ ಮುಂಬಯಿ ಶಾಸನಸಭೆ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಒಪ್ಪಿ, ಸಾರ್ವಜನಿಕ ಹಣದ ಕೆರೆ ಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದಿತು. ಅದು ಕಾಗದದಲ್ಲೇ ಉಳಿದಾಗ ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು, ಬೇಸಿಗೆಯ ಬಾಗಿಲಿನಲ್ಲೇ, ಮಹಾಡದ ಚೌದಾರ ಕೆರೆಗಿಳಿದು ನೀರು ಕುಡಿದರು. ಪಿತೃಗಳ ಹೆಸರಿನ ನೀರಿನ ಚರಿತ್ರೆಯಲ್ಲಿ ಹೇಮಾದ್ರಿಯ ಸಂಕಲ್ಪಕ್ಕೆ ನಿಜವಾದ ಅರ್ಥ ಬಂದದ್ದು ಆ ದಿನ ಎಂದು ನಾನು ತಿಳಿಯುತ್ತೇನೆ. ಇಂದು ಸರಪಳಿಯ ಲೋಟ ಯಾರ ಕೈಗೂ ಸಿಗುತ್ತದೆ ಎಂದರೆ ಅದು ಶಾಸ್ತ್ರದ ಔದಾರ್ಯದಿಂದ ಬಂದದ್ದಲ್ಲ, ಹೋರಾಟದಿಂದ ಬಂದದ್ದು.

ಈ ಸೀಮೆಯ ಜನರಲ್ಲಿ ದೊಡ್ಡ ಪಾಲು ಲಿಂಗಾಯತರು. ಅವರಿಗೆ ಪಿಂಡವಿಲ್ಲ, ತರ್ಪಣವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಮರಣದ ಸೂತಕವನ್ನೇ ಒಪ್ಪಲಿಲ್ಲ. ಲಿಂಗೈಕ್ಯರಾದವರನ್ನು ಕೂತ ಭಂಗಿಯಲ್ಲೇ, ಕೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ತುಂಬಿ ಕ್ರಿಯಾಸಮಾಧಿ ಮಾಡುತ್ತಾರೆ. 1884ರಲ್ಲಿ ಬಂದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಬಿಜಾಪುರ ಸಂಪುಟ ಇಲ್ಲಿಯ ಒಂದೊಂದು ಸಮುದಾಯದ ಸಾವಿನ ಆಚರಣೆಯನ್ನೂ ವಿವರವಾಗಿ ಬರೆದಿಟ್ಟಿದೆ. ಲಿಂಗಾಯತರ ಭಾಗ ಅದರಲ್ಲಿ ದೊಡ್ಡದು. ರೈತ ಮನೆತನಗಳು ಹಿರಿಯರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ ಇಲ್ಲಿ ಇನ್ನೂ ಇದೆ. ಹೊಲದ ಬದುವಿನ ಬಳಿ, ಬೇವಿನ ಮರದ ಮಗ್ಗುಲಲ್ಲಿ ಗದ್ದುಗೆ. ಮುಂಗಾರಿ ಹಿಂಗಾರಿಯಲ್ಲಿ ಬೆಳೆಯ ನಡುವೆ ಅದು ಕಾಣುವುದೇ ಇಲ್ಲ. ಜೋಳ ಕೊಯ್ದು ಹೊಲ ಬೋಳಾದ ಮೇಲೆ, ಎಂದರೆ ಯುಗಾದಿ ಹೊತ್ತಿಗೆ, ದೂರದಿಂದಲೇ ಎದ್ದು ತೋರುತ್ತದೆ. ಆಗ ಮನೆಯವರು ಬಂದು ಕಸಕಡ್ಡಿ ಬಳಿದು, ಕೊಡದ ನೀರೆರೆದು ತೊಳೆದು, ವಿಭೂತಿ ಬಳಿದು, ಪತ್ರೆ ಏರಿಸಿ, ಕಾಯಿ ಒಡೆಯುತ್ತಾರೆ. ಹೋಳಿಗೆ ಅನ್ನದ ಎಡೆಯ ಜೊತೆ ಬೇವು. ವಿಜಯಪುರ ಕಡೆಯ ಬೇವು ಬೇವಿನ ಹೂ, ಮಾವಿನಕಾಯಿ, ಬೆಲ್ಲ, ಪುಠಾಣಿ ಹಿಟ್ಟು ಹಾಕಿ ಕಲಸಿದ, ಕುಡಿಯುವ ಬೇವು. ಛಿಂಗ್‌ಮಿಂಗ್‌ಗೆ ನಮ್ಮಲ್ಲಿ ತೀರ ಹತ್ತಿರದ ದೃಶ್ಯವಿದು. ಆದರೂ ಇಲ್ಲಿ ತಿಥಿಯ ಕಟ್ಟುನಿಟ್ಟಿಲ್ಲ. ಕೊಯ್ಲು ಮುಗಿದು ಗದ್ದುಗೆ ಕಂಡ ಮೇಲೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ.

ಅಕ್ಷಯ ತದಿಗೆಯ ದಿನವನ್ನು ಲಿಂಗಾಯತ ಸಮಾಜ ಇನ್ನೊಂದು ರೀತಿಯಲ್ಲಿ ತನ್ನದಾಗಿಸಿಕೊಂಡಿತು. ಬಸವಣ್ಣನವರ ಜನ್ಮತಿಥಿಯೂ ಅದೇ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಅಲ್ಲಿಂದ ಅದು ನಾಡಿಗೆಲ್ಲ ಹಬ್ಬಿತು. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ ಆ ದಿನಕ್ಕೆ ಬೇರೆಯೇ ಕಳೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರವಣಿಗೆ ಮಾಡುತ್ತಾರೆ. ಹೆಣ್ಣುಮಕ್ಕಳು ಬಸವಣ್ಣನ ಮೂರ್ತಿಯನ್ನು ತೊಟ್ಟಿಲಿಗೆ ಹಾಕಿ, ಜೋಗುಳ ಹಾಡಿ, ಹೆಸರಿಡುತ್ತಾರೆ. ಚೀನಾದಲ್ಲಿ ವಂಶದ ಮೂಲಪುರುಷನ ಸಮಾಧಿಗೆ ಬಾಗುತ್ತಾರೆ. ಬಾಗೇವಾಡಿಯ ಹೆಂಗಸರು ತಮ್ಮ ಸಮಾಜದ ಮೂಲಪುರುಷನನ್ನು ಕೂಸಾಗಿ ತೂಗುತ್ತಾರೆ. ಎಂಟುನೂರು ವರ್ಷಗಳಿಗೂ ಹಿಂದಿನ ಹಿರಿಯನನ್ನು ಮಗುವಾಗಿ ಎತ್ತಿಕೊಳ್ಳುವುದರಲ್ಲಿ, ಪಿತೃಸ್ಮರಣೆಯಲ್ಲಿರುವ ಸಾವಿನ ಭಯವನ್ನು ಶರಣಧರ್ಮ ಹೇಗೆ ಕಳಚಿಹಾಕಿತು ಎಂಬುದು ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಬಸವಣ್ಣನ ವಂಶದ ನೆನಪೂ ಕಲ್ಲಿನ ಮೇಲೆ ಉಳಿದಿದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ, ಸೇವುಣ ಕನ್ನರನ ಕಾಲದ್ದು, ತರ್ದವಾಡಿ ನಾಡಿನ ಬಾಗೇವಾಡಿಯನ್ನೂ, ಅಲ್ಲಿಯ ಮಾದಿರಾಜನನ್ನೂ, ಅವನ ಮಗ ಬಸವರಾಜನನ್ನೂ, ಬಸವನ ಅಣ್ಣ ದೇವರಾಜನನ್ನೂ ಹೆಸರಿಸಿ, ಆ ಮನೆತನದ ಹಾಲಬಸವಿದೇವನವರೆಗೆ ಬರುತ್ತದೆ. ಕಲ್ಯಾಣದ ಕ್ರಾಂತಿ ಆಗಿ ನೂರು ವರ್ಷ ಕಳೆಯುವುದರೊಳಗೆ ಒಂದು ಮನೆತನ ತನ್ನ ಹಿರಿಯರನ್ನು ಸಾಲಾಗಿ ನೆನೆದು ಕೆತ್ತಿಸಿದ ದಾಖಲೆ ಅದು. ಶ್ರಾದ್ಧ ಬಿಟ್ಟವರು ಹಿರಿಯರನ್ನು ಬಿಟ್ಟಿರಲಿಲ್ಲ.

ಮುಸಲ್ಮಾನರಲ್ಲಿ ಷಬ್-ಎ-ಬರಾತ್ ರಾತ್ರಿ ಖಬರಸ್ತಾನಕ್ಕೆ ಹೋಗಿ, ಗೋರಿ ಶುಚಿ ಮಾಡಿ, ನೀರು ಚಿಮುಕಿಸಿ, ಹೂ ಏರಿಸಿ ಫಾತಿಹಾ ಓದುತ್ತಾರೆ. ಚಾಂದ್ರಮಾನದ ಹಬ್ಬವಾದ್ದರಿಂದ ಋತುವಿನಿಂದ ಋತುವಿಗೆ ಸರಿಯುತ್ತದೆ. 2020ರಿಂದ 2023ರವರೆಗೆ ಅದು ಮಾರ್ಚ್ ಏಪ್ರಿಲ್‌ನಲ್ಲೇ ಬಂತು. ಹೆಂಗಸರ ಪಾಲಿನ ಸ್ಮರಣೆಗೆ ಬೇರೆ ಆಕರ ಬೇಕು. ಗದ್ದುಗೆಯೂ ಫಲಕವೂ ಹೆಚ್ಚಾಗಿ ಗಂಡಿನ ವಂಶವನ್ನು ಹೇಳುತ್ತವೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣು ತವರನ್ನೂ ಹಡೆದವರನ್ನೂ ನೆನೆಯುತ್ತಾಳೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಇಂಡಿ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಹೊರಬಂತು. ಪಿತೃಸ್ಮರಣೆಯ ಆಕರವಾಗಿ ಅದನ್ನು ಮತ್ತೆ ಓದುವುದು ಬಾಕಿಯಿದೆ.

ಹಿರಿಯರಿಗೆ ನೀರೆರೆದ ಈ ನಾಡಿನಲ್ಲೇ ನೀರು ಹಿರಿಯರ ಗದ್ದುಗೆಗಳನ್ನು ತೆಗೆದುಕೊಂಡಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಬಿತ್ತು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಮುದ್ದೇಬಿಹಾಳ, ಬಾಗೇವಾಡಿ ಕಡೆಯ ನದಿದಂಡೆಯ ಹೊಲಗಳ ಜೊತೆ ಆ ಹೊಲಗಳಲ್ಲಿದ್ದ ಗದ್ದುಗೆಗಳೂ ಮುಳುಗಿದವು. ಮನೆಗೆ, ಹೊಲಕ್ಕೆ, ಬಾವಿಗೆ, ಗಿಡಮರಕ್ಕೆ ಬೆಲೆ ಕಟ್ಟಬಹುದು. ಅಜ್ಜನ ಗದ್ದುಗೆಗೆ ಬೆಲೆ ಕಟ್ಟುವುದು ಹೇಗೆ? ಪುನರ್ವಸತಿ ಕೇಂದ್ರಗಳಲ್ಲಿ ಬಾಳುವವರು ಹೊಳೆಯ ದಂಡೆಗೆ ಬಂದು, ಹಿನ್ನೀರಿಗೇ ಕಾಯಿ ಒಡೆದು ಕೈಮುಗಿದರೆ ಅದೂ ಪಿತೃಸ್ಮರಣೆಯೇ.

ನಾರಾಯಣಪುರದ ಹಿನ್ನೀರಿನಲ್ಲಿ ಒಂದು ಗದ್ದುಗೆಯನ್ನು ಮಾತ್ರ ಸಮಾಜ ಮುಳುಗಲು ಬಿಡಲಿಲ್ಲ. ಕೃಷ್ಣಾ ಮಲಪ್ರಭೆಯರ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪದ ಸುತ್ತ ದೊಡ್ಡ ಬಾವಿಯಂತೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ನೀರನ್ನು ಹೊರಗೆ ತಡೆದು, ಒಳಗೆ ಮೆಟ್ಟಿಲಿಳಿದು ಹೋಗಲು ದಾರಿ ಮಾಡಿದ್ದಾರೆ. ಎದುರು ದಡದ ಸಮೀಪ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ತಾಣವೆಂದು ಜನ ನಂಬುವ ಕ್ಷೇತ್ರವಿದೆ. ಬಸವಣ್ಣನ ಗದ್ದುಗೆಗೆ ಗೋಡೆ ಎದ್ದಿತು. ಹೆಸರಿಲ್ಲದ ರೈತರ ಗದ್ದುಗೆಗಳ ಒಂದು ಪಟ್ಟಿಯಾದರೂ ಬೇಕಿತ್ತು.

ಆ ಪಟ್ಟಿ ಮಾಡಲು ಇನ್ನೂ ಸ್ವಲ್ಪ ಸಮಯವಿದೆ. ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಏರಿದರೆ ಇನ್ನಷ್ಟು ಹೊಲಗಳು ನೀರಿನಡಿಗೆ ಹೋಗುತ್ತವೆ. ಅದಕ್ಕೆ ಮೊದಲು ಭೂಸ್ವಾಧೀನದ ಅಳತೆಗೆ ಬರುವ ಅಧಿಕಾರಿಗಳು ಬಾವಿ, ಮರಗಳ ಜೊತೆ ಗದ್ದುಗೆಗಳನ್ನೂ ಸರ್ವೆ ನಂಬರ್ ಸಹಿತ ಬರೆದುಕೊಳ್ಳಬೇಕು. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಇತಿಹಾಸ, ಕನ್ನಡ ವಿಭಾಗಗಳಿಗೆ ನನ್ನ ಕೋರಿಕೆ ಇಷ್ಟು: ಬರುವ ಯುಗಾದಿಯಿಂದ ಬಸವ ಜಯಂತಿಯವರೆಗೆ ವಿದ್ಯಾರ್ಥಿಗಳನ್ನು ಕಳಿಸಿ, ಅರವಟಿಗೆಗಳ ಫಲಕಗಳನ್ನೂ ಬೋಳು ಹೊಲದ ಗದ್ದುಗೆಗಳನ್ನೂ ಫೋಟೊ ತೆಗೆದು, ಮನೆತನದವರ ಮಾತು ಬರೆದುಕೊಳ್ಳಿ. ಮುಂಗಾರು ಬಂದು ಬೆಳೆ ಎದ್ದರೆ ಗದ್ದುಗೆ ಕಾಣುವುದಿಲ್ಲ.